ಕಲ್ಲಿಗೆ ಸೀರೆ ಉಡಿಸಿದ್ದು

ಈರಣ್ಣಾ, ಭಾಗ್ಯಾ, ಈ ನಿಮ್ಮ ಅಜ್ಜಿ ಕಲ್ಲಿನ ಜೊತೆ ಜಗ್ಗಾಡಿದ್ದನ್ನು ನೀವು ಮೊಬೈಲಿನಲ್ಲಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿರಂತೆ. ನಗಿ, ಬೇಡ ಅನ್ನುವುದಿಲ್ಲ. ಆದರೆ ಆ ವಿಡಿಯೋದಲ್ಲಿ ಕಾಣದ ಸಂಗತಿಯೂ ಇದೆ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಬನಹಟ್ಟಿಯ ಬಟ್ಟೆ ಕಂಪನಿಯ ಅಂಗಳದಲ್ಲಿ ಈ ವರ್ಷ ಒಂದು ಕಲ್ಲು ನಿಲ್ಲಿಸಿದರು. ಕಂಪನಿಯ ಮಗ್ಗ ಬಿಟ್ಟು ಸೈನ್ಯ ಸೇರಿ, ಯುದ್ಧದಲ್ಲಿ ಮಡಿದ ಕೆಲಸಗಾರರ ಹೆಸರುಗಳು ಅದರ ಮೇಲಿವೆ. ಅವುಗಳಲ್ಲಿ ನನ್ನ ಅಣ್ಣ ಚನ್ನಪ್ಪನದೂ ಒಂದು; ನಾನು ಅವನನ್ನು ಚನ್ನಣ್ಣ ಅನ್ನುತ್ತಿದ್ದೆ. ನಾನು ಲಂಗ ಉಡುವ ಹುಡುಗಿಯಾಗಿದ್ದಾಗ ಅವನು ಸೈನ್ಯಕ್ಕೆ ಹೋದ. ತಂತಿ ಬಂತು, ದೇಹ ಬರಲಿಲ್ಲ. ನಮ್ಮವ್ವ ತಂತಿಯನ್ನು ನಂಬಲಿಲ್ಲ. ಯಾರು ಕೇಳಿದರೂ "ಚನ್ನಪ್ಪ ಊರಾಗಿಲ್ರಿ" ಅನ್ನುತ್ತಿದ್ದಳು. ಅವಳ ನಂತರ ನಾನೂ ಹಾಗೇ ಅಂದೆ. ಅವನು ತೀರಿಕೊಂಡ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ.

ಕಂಪನಿಯ ಮ್ಯಾನೇಜರು ಮನೆಗೇ ಬಂದರು.

"ಅವ್ವಾರ, ಕಲ್ಲಿನ ಮ್ಯಾಲಿನ ಬಟ್ಟಿ ನೀವ ಸರಸಬೇಕ್ರಿ. ಆಮ್ಯಾಲೆ ಮೈಕಿನ್ಯಾಗ, ನಮ್ಮಣ್ಣ ದೇಶಕ್ಕ ಪ್ರಾಣಾ ಕೊಟ್ಟ ಅಂತ ಒಂದ ಮಾತ ಅಂದ್ರ ಆತ್ರಿ."

ಆ ಮಾತು ಆಡುವುದು ನನ್ನಿಂದ ಆಗದ ಕೆಲಸ. ಆದರೆ ಬಟ್ಟೆಯ ವಿಷಯ? ಹುಟ್ಟಿದಾಗಿನಿಂದ ನೂಲಿನ ನಡುವೆಯೇ ಬೆಳೆದವಳು ನಾನು. ಬಟ್ಟೆ ಸರಿಸುವುದು ಯಾವ ಮಹಾ ವಿದ್ಯೆ!

ಅವರು ತಂದದ್ದು ಬಿಳಿ ಬಟ್ಟೆ. "ಬಿಳೇದ ಬ್ಯಾಡ್ರೀ, ಹೆಣಕ್ಕ ಹೊಚ್ಚಿದಂಗ ಕಾಣತೈತಿ" ಎಂದು ನಮ್ಮ ಮಗ್ಗದ ಹಸಿರು ಸೀರೆಯನ್ನೇ ಒಯ್ದೆ. ಪಕ್ಕದ ಮನೆಯ ಗಂಗವ್ವ ಜೊತೆಗೆ ಬಂದಳು. ಕಲ್ಲು ಆಳೆತ್ತರ, ತಲೆ ದುಂಡಗೆ. ಸೀರೆ ಹೊದಿಸಿದ ಮೇಲೆ ಯಾರೋ ಮುಸುಕು ಹಾಕಿಕೊಂಡು ನಿಂತ ಹಾಗಾಯಿತು. ಗಾಳಿ ಒಳಗೆ ಹೊಕ್ಕಾಗ ಎದೆಯ ಭಾಗ ಉಬ್ಬುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು.

"ಯಕ್ಕಾ, ಉಸರಾಡಾಕತ್ತೈತಲ್ಲ ಬೇ!" ಎಂದಳು ಗಂಗವ್ವ.

"ಗಾಳಿ ಐತಿ. ಸುಮ್ನ ಸೆರಗ ಹಿಡಿ."

ಸೀರೆ ಹಾರಿಹೋಗಬಾರದೆಂದು ನೂಲು ಹುರಿ ಮಾಡಿ, ಕಲ್ಲಿನ ಹಿಂಭಾಗದಲ್ಲಿ ಕೈಗೆ ಬಂದ ಗಂಟು ಹಾಕುತ್ತ ಹೋದೆ. ಜಗ್ಗಿ ನೋಡಿದೆ. ಗಟ್ಟಿ! ಬಹಳ ಸಮಾಧಾನವಾಯಿತು.

ಮಧ್ಯಾಹ್ನ ಜನ ಸೇರಿದರು. ಮಡಿದವರ ಗೌರವಕ್ಕೆಂದು ಕಂಪನಿಯ ಮಗ್ಗಗಳನ್ನು ನಿಲ್ಲಿಸಿದರು, ಸುತ್ತಲಿನ ಮನೆಗಳವರೂ ನಿಲ್ಲಿಸಿದರು. ಮಗ್ಗದ ಸದ್ದಿನಲ್ಲೇ ಉಂಡು ಮಲಗುವವರು ನಾವು. ಆ ಸದ್ದು ನಿಂತದ್ದೇ ತಡ, ಸುಡು ಬಿಸಿಲಿನಲ್ಲೂ ನನ್ನ ಬೆನ್ನು ತಣ್ಣಗಾಯಿತು. ಗಾಳಿಯೂ ನಿಂತಿತ್ತು. ಆದರೆ ಸೀರೆಯ ಎದೆ ಇನ್ನೂ ಏರಿಳಿಯುತ್ತಿತ್ತು.

ಸೆರಗು ಹಿಡಿದು ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಸೀರೆ ಕಲ್ಲಿಗೆ ಬಿಗಿದು ಭುಜ ಮೂಡಿತು, ಕುತ್ತಿಗೆ ಮೂಡಿತು. ಕಾಲು ಊರಿ ಜಗ್ಗಿದೆ. ಆ ಕಡೆಯಿಂದ ಯಾರೋ ನನ್ನನ್ನೇ ಜಗ್ಗಿದರು! ಅಣ್ಣನಿಗೆ ತನ್ನ ಹೆಸರು ತೋರಿಸಿಕೊಳ್ಳುವ ಮನಸ್ಸಿಲ್ಲ ಎನ್ನಿಸಿತು. ಮುಂದೆ ಮೈಕು ಇರುವುದನ್ನೂ ಮರೆತು ಕೂಗಿದೆ:

"ಅಣ್ಣಾ, ಬಿಡೋ! ಮಂದಿ ನೋಡಾಕತ್ತಾರ!"

ಇಡೀ ಬನಹಟ್ಟಿಗೆ ಕೇಳಿಸಿತು. ಯಾರೂ ನಗಲಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು! ಮುಖ್ಯ ಅತಿಥಿಗಳು ಗಂಭೀರವಾಗಿ ಎದ್ದು, ಗಂಭೀರವಾಗಿಯೇ ಕುರ್ಚಿಯ ಹಿಂದೆ ನಿಂತರು.

ಗಂಗವ್ವ ಧೈರ್ಯ ಮಾಡಿ ಕಲ್ಲಿನ ಹಿಂದೆ ಹೋದಳು.

"ಯವ್ವಾ ನಿನ್ನ! ಯಾರೂ ಹಿಡದಿಲ್ಲ ಬೇ. ಹರದ ಎಳಿ ಕೂಡಸೂ ಗಂಟ ಹಾಕಿ ಕುಂತೀಯಲ್ಲ! ಜಗ್ಗಿದಷ್ಟ ಬಿಗ್ಯೂದ ಅಲ್ಲೇನ ಅದು?"

ಆಗ ನೋಡಿ, ನಗೆ! ಅತಿಥಿಗಳು ಕುರ್ಚಿಗೆ ಮರಳಿದರು. ನಾನು ನೆಲ ಬಿರಿದರೆ ಸಾಕೆಂದುಕೊಂಡು ಕಲ್ಲಿನ ಹಿಂದೆ ಅಡಗಿದೆ. ಕತ್ತರಿ ಬಂತು. ಗಂಗವ್ವ ಒಂದೊಂದೇ ಗಂಟು ಕತ್ತರಿಸುತ್ತ ಬಂದು ಕೊನೆಯದರ ಹತ್ತಿರ ಕೈ ತಡೆದಳು.

"ಯಕ್ಕಾ, ಇದ್ಯಾಕ ಹಿಂಗೈತಿ? ಇದು ಎಡಗೈಲೆ ಹಾಕಿದ್ದು."

ಬಗ್ಗಿ ನೋಡಿದೆ. ಸುತ್ತುಗಳೆಲ್ಲ ತಿರುಗುಮುರುಗು. ನಾನು ಬಲಗೈಯವಳು, ಗಂಗವ್ವ ಒಂದು ಗಂಟೂ ಹಾಕಿರಲಿಲ್ಲ. ನಮ್ಮ ಮನೆಯಲ್ಲಿ ಎಡಗೈಯಿಂದ ಎಳೆ ಕೂಡಿಸುತ್ತಿದ್ದವನು ಚನ್ನಣ್ಣ ಒಬ್ಬನೇ.

"ಕತ್ತರಸಬ್ಯಾಡ" ಎಂದೆ.

ಬಿಚ್ಚಲು ಬಾರದ ಆ ಗಂಟು ನನ್ನ ಉಗುರು ತಾಗಿದ ಕೂಡಲೇ ತಾನಾಗಿ ಬಿಚ್ಚಿಕೊಂಡಿತು. ಸೀರೆ ಸರ್ರನೆ ಜಾರಿ ನನ್ನ ಕಾಲ ಮೇಲೆ ಬಿತ್ತು. ಬೆಚ್ಚಗಿತ್ತು.

ಮ್ಯಾನೇಜರು ನನ್ನನ್ನು ಕಲ್ಲಿನ ಮುಂದೆ ಕರೆತಂದು ಮೈಕನ್ನು ನನ್ನ ಬಾಯಿಗೆ ಹಿಡಿದರು. ಎಲ್ಲರೂ ಕಾಯುತ್ತಿದ್ದರು. ಕಲ್ಲಿನ ಮೇಲೆ ಅವನ ಹೆಸರು ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಬಾಯಿ ತೆರೆದೆ.

"ಚನ್ನಣ್ಣ ಊರಾಗಿಲ್ರಿ."

ಚಪ್ಪಾಳೆ! ಶಾಲು ಹೊದಿಸಿದರು. ಮಗ್ಗಗಳು ಮತ್ತೆ ಶುರುವಾದವು.

ಕಲ್ಲಿನ ಸುತ್ತ ಕೈ ಚಾಚಿದಾಗ ನಾನೇ ತಿರುವುಮುರುವಾಗಿ ಗಂಟು ಹಾಕಿರಬಹುದು. ಕಣ್ಣಿಗೆ ಪೊರೆಯೂ ಬಂದಿದೆ. ನೀವು ಹಾಗೇ ತಿಳಿದುಕೊಳ್ಳಿ, ರಾತ್ರಿ ನಿದ್ದೆಯಾದರೂ ಬಂದೀತು. ಆದರೆ ಅಂದು ಆಡಲಾಗದ ಮಾತನ್ನು ಇಲ್ಲಿ ಬರೆಯುತ್ತೇನೆ: ನನ್ನ ಅಣ್ಣ ಚನ್ನಪ್ಪ ಯುದ್ಧದಲ್ಲಿ ತೀರಿಕೊಂಡ.

ನೋಡಿ, ಬರೆದೇಬಿಟ್ಟೆ! ಅಕ್ಷರಗಳು ಸ್ವಲ್ಪ ಓರೆಯಾಗಿವೆ. ಮುಂದೆ ಯಾರಾದರೂ ಅವನ ಬಗ್ಗೆ ಕೇಳಿದರೆ ಈ ಬಾಯಿ ಏನು ಹೇಳೀತೋ, ನನಗೇ ಭರವಸೆಯಿಲ್ಲ. ಅದಕ್ಕೆ ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಆಗ ತಂದು ನನ್ನ ಕೈಗೇ ಕೊಡಿ, ಓದಿ ಹೇಳುತ್ತೇನೆ. ಕನ್ನಡಕ ಮಾತ್ರ ನೀವೇ ಹುಡುಕಿ ಕೊಡಬೇಕು.