ಆವಾಜಿಲ್ಲದ ಡೆಕ್ಕು

ದೌಲತರಾಯನ ಸ್ಟೀರಿಯೊ ರಿಸೀವರ್ ಎದುರು ಮನೆಯ ಮಲ್ಲಣ್ಣನ ಬಸುರಿ ಮಗಳ ಕುಬಸದ ದಿನ ಪ್ರಾಣ ಬಿಟ್ಟಿತು. ಅದು ರೇಡಿಯೊ ಹಿಡಿಯುತ್ತಿತ್ತು, ಹಾಡನ್ನು ಎರಡು ಸ್ಪೀಕರುಗಳಿಗೆ ಹಂಚುತ್ತಿತ್ತು. ಓಣಿಯ ಜನ ಅದನ್ನು ಒಟ್ಟಾರೆಯಾಗಿ ಡೆಕ್ಕು ಎನ್ನುತ್ತಿದ್ದರು. ಕೊಂಡವನು ದೌಲತರಾಯ, ಕೇಳಿದವರು ಉಳಿದವರು. ಆಳಂದದ ಆ ಓಣಿಯಲ್ಲಿ ದೊಡ್ಡ ಆವಾಜಿನ ಡೆಕ್ಕು ಉಳ್ಳವನು ಕುಬಸಕ್ಕೂ ತೊಟ್ಟಿಲಿಗೂ ನಿಶ್ಚಯಕ್ಕೂ ಅದನ್ನು ಕೊಡತಕ್ಕದ್ದೆಂಬುದು ಗುರುತ್ವಾಕರ್ಷಣೆಯಷ್ಟೇ ಖಚಿತವಾದ ನಿಯಮ. ವ್ಯತ್ಯಾಸವಿಷ್ಟೇ: ಗುರುತ್ವಾಕರ್ಷಣೆಯು ವಸ್ತುವನ್ನು ಕೆಳಕ್ಕೆ ಎಳೆಯುತ್ತದೆ, ಓಣಿಯು ಹೊರಕ್ಕೆ.

ಸುಟ್ಟ ವಾಸನೆಯ ಡಬ್ಬಿಯನ್ನು ಮರಳಿ ತಂದಿಟ್ಟು ಮಲ್ಲಣ್ಣ ಸಮಾಧಾನ ಹೇಳಿದ. "ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ. ಹೋಗೂದು ಶುಭಕಾರ್ಯದಾಗ ಹೋಗ್ಯಾದ. ಎಲ್ಲಾರಿಗೂ ಆ ಭಾಗ್ಯ ಸಿಗಂಗಿಲ್ಲ."

ದೌಲತರಾಯ ತೊಗರಿಯ ಅಡತಿ ಅಂಗಡಿಯೊಂದರ ಗುಮಾಸ್ತ, ಅವಿವಾಹಿತ, ಒಂದೇ ಕೋಣೆಯ ಬಾಡಿಗೆದಾರ. ರವಿವಾರ ಸಂಜೆ ರೇಡಿಯೊದಲ್ಲಿ ಬರುವ ಶಾಸ್ತ್ರೀಯ ಗಾಯನವನ್ನು ಆಲಾಪದಿಂದ ಕೊನೆಯ ತಾನದವರೆಗೆ ಒಮ್ಮೆಯಾದರೂ ಕೇಳಬೇಕೆಂಬುದು ಅವನ ಬದುಕಿನ ಏಕೈಕ ದುರಾಸೆ. ಆಲಾಪ ಮುಗಿಯುವಷ್ಟರಲ್ಲಿ ಯಾರಾದರೂ ಬಂದು ಸ್ಪೀಕರಿನ ತಂತಿ ಬಿಚ್ಚುತ್ತಿದ್ದರು.

ದೀಪಾವಳಿಗೆ ಸಾಹುಕಾರ ಕೊಟ್ಟ ಇನಾಮು ಕೈಯಲ್ಲಿದ್ದಾಗ ಅವನು ಗಾಢವಾಗಿ ಆಲೋಚಿಸಿ ಒಂದು ಸಿದ್ಧಾಂತಕ್ಕೆ ಬಂದ. ಡೆಕ್ಕು ಹೊರಗೆ ಹೋಗುವುದು ಅದರ ಆವಾಜಿನಿಂದ. ಆದ್ದರಿಂದ ಯಾವ ಡೆಕ್ಕಿನ ಆವಾಜು ಕೋಣೆಯ ಹೊಸ್ತಿಲು ದಾಟುವುದಿಲ್ಲವೋ ಆ ಡೆಕ್ಕೂ ಹೊಸ್ತಿಲು ದಾಟುವುದಿಲ್ಲ.

ಈ ಸಿದ್ಧಾಂತವನ್ನು ಯಾರಿಗೂ ಹೇಳದೆ ರವಿವಾರ ಬೆಳಿಗ್ಗೆ ಹೊರಟರೆ, ಮಲ್ಲಣ್ಣ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದ.

"ಡೆಕ್ಕು ತರಾಕ ಹೊಂಟೀಯಲ್ಲಾ? ಒಬ್ಬನ ಹೋದ್ರ ನಿನಗ ಮೋಸ ಮಾಡ್ತಾರ. ನಡಿ."

"ಇಲ್ಲಣ್ಣಾ, ಸುಮ್ಮ ನೋಡಿ ಬರ್ತೇನಿ."

"ನೋಡಾಕ ನೀ ಬಾ. ಕೇಳಾಕ ನಾ ಬರ್ತೇನಿ."

ಬಸ್‌ಸ್ಟ್ಯಾಂಡಿನ ಹತ್ತಿರ ಹುಸೇನಸಾಬನ ರೇಡಿಯೊ ಅಂಗಡಿ. ಅಲ್ಲಿ ಮಲ್ಲಣ್ಣ ಪರೀಕ್ಷೆಯ ಸಂಪೂರ್ಣ ಅಧಿಕಾರವನ್ನು ವಹಿಸಿಕೊಂಡ. ಅವನ ವಿಧಾನ ಸರಳವಾಗಿತ್ತು: ಡೆಕ್ಕಿನ ಗುಂಡಿಯನ್ನು ಪೂರ್ತಿ ತಿರುಗಿಸುವುದು, ತಾನು ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುವುದು. ಮೊದಲ ಡೆಕ್ಕು ಬೇಳೆ ಗಿರಣಿಯ ಹಾಗೆ ಗರ್ಜಿಸಿತು. ಅಂಗಡಿಯ ಗಾಜುಗಳು ನಡುಗಿದವು. ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವನೊಬ್ಬ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಲ್ಲಣ್ಣ ಗೆದ್ದ ಪೈಲವಾನನ ಹಾಗೆ ಬಂದ.

"ನರೋಣಾ ಬಸ್ಸಿನಾಗ ಕುಂತವರಿಗೂ ಕೇಳಾಕತ್ತದ. ಇದ ತಗೋ."

"ಮತ್ತ ಹಾಡು ಯಾವುದಿತ್ತಣ್ಣಾ?"

"ಹಾಡು ಯಾರಿಗಿ ಬೇಕಾಗ್ಯಾದ? ಆವಾಜ ನೋಡು."

ದೌಲತರಾಯನ ಕಣ್ಣು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸಣ್ಣ ರಿಸೀವರಿನ ಮೇಲೆ ಬಿತ್ತು. ಹುಸೇನಸಾಬ ಪ್ರಾಮಾಣಿಕ ವ್ಯಾಪಾರಿ. ಆದ್ದರಿಂದಲೇ ಅವನ ಅಂಗಡಿ ಸಣ್ಣದು.

"ಅದು ಬ್ಯಾಡ್ರಿ ದೌಲತರಾಯರ. ಸುರ ಚಲೋ ಅದ, ಖರೇ. ಆದ್ರ ಬೀಮಾರ ಬಿದ್ದವರಂಗ ಮಾತಾಡ್ತದ. ಒಯ್ದವರೆಲ್ಲಾ ವಾಪಸ ತಂದಾರ."

"ಹಚ್ಚರಿ, ನೋಡೋಣು."

ಹುಸೇನಸಾಬ ಅದನ್ನು ಹಚ್ಚಿದ. ಎರಡು ಸ್ಪೀಕರುಗಳ ನಡುವೆ ಒಂದು ಸಿತಾರು ಯಾರದೋ ನಿದ್ದೆ ಕೆಡಿಸಲು ಹೆದರುವಂತೆ ನುಡಿಯಿತು. ದೌಲತರಾಯ ಗುಂಡಿಯನ್ನು ಪೂರ್ತಿ ತಿರುಗಿಸಿ ಅಂಗಡಿಯ ಬಾಗಿಲಾಚೆ ಹೋಗಿ ನಿಂತ. ಏನೂ ಕೇಳಲಿಲ್ಲ. ಎಂದೂ ಏನೂ ಕೇಳದೆ ಅವನಿಗೆ ಇಷ್ಟು ಆನಂದವಾಗಿರಲಿಲ್ಲ.

"ಇದನ್ನ ಕಟ್ಟರಿ," ಎಂದ.

"ತಲಿ ಕೆಟ್ಟದೇನಲೇ?" ಮಲ್ಲಣ್ಣ ಅಂಗಡಿಯ ಸ್ಟೂಲಿನ ಮೇಲೆ ಕುಸಿದ. "ನಾಳಿ ನನ್ನ ಮಗಳ ತೊಟ್ಟಿಲಾ ಬಂದ್ರ ಇದನ್ನ ತಗೊಂಡು ಏನ ಮಾಡ್ಲಿ ನಾ?"

ದೌಲತರಾಯ ವಿಷಾದದ ಮುಖ ಮಾಡಿದ. ಒಳಗೆ ಅವನ ಆತ್ಮವು ಕುಣಿಯುತ್ತಿತ್ತು.

ಡೆಕ್ಕು ಮನೆಗೆ ಬರುವ ಮೊದಲೇ ಅದರ ಅಪಕೀರ್ತಿ ಬಂದಿತ್ತು. ಮಧ್ಯಾಹ್ನ ಓಣಿಯ ಅರ್ಧದಷ್ಟು ಜನ ಅವನ ಕೋಣೆಯಲ್ಲಿ ತುಂಬಿಕೊಂಡರು. ತೊಗರಿಯ ಚೀಲವೂ ಅಷ್ಟು ಬಿಗಿಯಾಗಿರುವುದಿಲ್ಲ. ಡೆಕ್ಕು ಹಾಡತೊಡಗಿದ ಮೇಲೂ ಕೆಲವರು, "ಯಾವಾಗ ಹಚ್ಚತಿ?" ಎಂದು ಕೇಳಿದರು.

"ಇದು ಡೆಕ್ಕಲ್ಲೋ, ಹೊಸಾ ಸೊಸಿ," ಎಂದ ಮಲ್ಲಣ್ಣ. "ಒಂದ ತಿಂಗಳು ತಡೀರಿ, ಬಾಯಿ ಬಿಡ್ತದ."

ಎಲ್ಲರೂ ನಕ್ಕರು. ಪಕ್ಕದ ಮನೆಯ ಗುರುಬಾಯಿ ಮಾತ್ರ ನಗಲಿಲ್ಲ. ಮೊನ್ನೆ ತಾನೇ ಅಜ್ಜಿಯಾಗಿದ್ದ ಆಕೆ ಸ್ಪೀಕರಿಗೆ ಕಿವಿಕೊಟ್ಟು ಗಂಭೀರವಾಗಿ ತಲೆಯಾಡಿಸಿದಳು. ಇಡೀ ಓಣಿಯಲ್ಲಿ ಸಂಗೀತವನ್ನು ಬಲ್ಲವಳು ಈಕೆಯೊಬ್ಬಳೇ ಎಂದು ದೌಲತರಾಯನ ಕಣ್ಣು ತೇವಗೊಂಡಿತು. ಜನ ಮರುಕ ಸೂಸುತ್ತ ಒಬ್ಬೊಬ್ಬರಾಗಿ ಹೋದರು. ಸಿದ್ಧಾಂತವು ಪ್ರಯೋಗದಿಂದ ಸಿದ್ಧವಾಯಿತು.

ಸಂಜೆ ಅವನು ಮುಖ ತೊಳೆದು, ಚಾಪೆ ಹಾಸಿ, ಎರಡು ಸ್ಪೀಕರುಗಳಿಂದ ಸಮಾನ ದೂರದಲ್ಲಿ ಕುಳಿತ. ಗಾಯಕರು ಷಡ್ಜ ಹಿಡಿದರು. ಆಲಾಪ ನಿಧಾನವಾಗಿ ಅರಳಿತು. ಬಾಗಿಲು ಸದ್ದಾಯಿತು.

ಗುರುಬಾಯಿ ನಿಂತಿದ್ದಳು.

"ಯಪ್ಪಾ ದೌಲತರಾಯ, ಕೂಸು ನಿದ್ದೀನ ಮಾಡವಲ್ದು. ಸಣ್ಣಗ ಹಾಡು ಕೇಳ್ತಿದ್ರ ಮಲಗ್ತದ. ಆದ್ರ ಬಾಣಂತಿ ಕಿವಿಗಿ ಗದ್ಲ ಬೀಳಬಾರದು. ಮಲ್ಲಣ್ಣ ಹೇಳಿದ್ದು ತಂದಿದ್ದಿ ಅಂದ್ರ ನಾ ಕೇಳ್ತಿದ್ದಿಲ್ಲ. ನೀ ನೋಡು, ಬಾಣಂತಿ ಕೋಣಿಗಿ ಅಂತನ ಹುಡುಕಿ ತಂದಂಗ ತಂದೀದಿ."

ಅವಳು ತಂತಿ ಬಿಚ್ಚುವುದನ್ನು ಮಲ್ಲಣ್ಣನಿಗಿಂತ ಚೆನ್ನಾಗಿ ಬಲ್ಲವಳಾಗಿದ್ದಳು.

"ಎಷ್ಟು ದಿನಕ್ಕ ಕಾಕಿ?"

"ದಿನ ಎಲ್ಲಿ ಬಂತು ತಮ್ಮಾ? ಐದನೇ ತಿಂಗಳಿಗಿ ಮಗಳು ಇಜೇರಿಗಿ, ಗಂಡನ ಮನಿಗಿ ಹೋಗ್ತಾಳ. ಅಷ್ಟರಾಗ ಕೂಸಿಗಿ ರೂಢಿ ಆಗಿಬಿಟ್ರ ಜೋಡಿ ಕಳಸಬೇಕಾಗ್ತದ. ತೊಟ್ಟಿಲಾ ಕಳಸ್ತೇವಲ್ಲಾ, ಹಂಗ."

ದೊಡ್ಡ ಆವಾಜಿನ ಡೆಕ್ಕು ಒಂದು ಸಂಜೆಗೆ ಹೋಗುತ್ತಿತ್ತು, ಬೆಳಿಗ್ಗೆ ಬರುತ್ತಿತ್ತು. ಈ ದತ್ತಾಂಶವನ್ನು ದೌಲತರಾಯ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಕೂಸು ಅಳು ನಿಲ್ಲಿಸಿತು. ಆಲಾಪ ಮುಗಿದು ಬಂದಿಶ್ ಶುರುವಾಗಿರಬೇಕೆಂದು ದೌಲತರಾಯ ಎದ್ದು ನಡುಗೋಡೆಗೆ ಕಿವಿ ಹಚ್ಚಿದ. ಅವನ ಆಯ್ಕೆಯಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಏನೂ ಕೇಳಲಿಲ್ಲ.