ದೇವರ ಬಸವನಿಗೆ ಲೈಸೆನ್ಸು

ಪತ್ರಿಕಾ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಬೇರೆಯವರ ತಪ್ಪು ತಿದ್ದಿದವನು ನಾನು. ಒಂದು ಹಾಳೆಯ ಫಾರಂ ತುಂಬುವುದು ಯಾವ ಮಹಾ ಕೆಲಸ?

ಫಾರಂ ನನ್ನ ಅತ್ತಿಗೆ ಮಾದಮ್ಮನವರದು. ಕೊಳತ್ತೂರಿನ ಅವರ ಮಹಿಳಾ ಸಂಘದ ಏಳು ಮಂದಿ ರಾಗಿ ಹಪ್ಪಳ, ಹುರುಳಿ ಪುಡಿ ಮಾಡಿ ಏರ್ಕಾಡಿನ ರಸ್ತೆ ಬದಿಯಲ್ಲಿ ಕೊಡೆ ಬಿಚ್ಚಿಕೊಂಡು ಮಾರುತ್ತಿದ್ದರು. ಈಗ ಸರ್ಕಾರದಿಂದ ಅಲ್ಲಿ ಒಂದು ಪಕ್ಕಾ ಅಂಗಡಿ ಸಿಗುವ ಅವಕಾಶ ಬಂದಿತ್ತು. ಶುಕ್ರವಾರ ಸಂಜೆ ಐದಕ್ಕೆ ಕೊನೆ ಗಡುವು. ಕಂಪ್ಯೂಟರ್ ಬಿಲ್ ಕಡ್ಡಾಯ. ಅದನ್ನೂ ನಾನೇ ನೋಡಿಕೊಂಡೆ. ನನ್ನ ಹಳೇ ಲ್ಯಾಪ್‌ಟಾಪಿಗೆ ಒಂದು ಓಪನ್ ಸೋರ್ಸ್ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟೆ.

ಒಂಬತ್ತನೇ ಪ್ರಶ್ನೆ: "ನಿಮ್ಮ ಸಾಫ್ಟ್‌ವೇರಿಗೆ ವಾಣಿಜ್ಯ ಲೈಸೆನ್ಸ್ ಇದೆಯೇ?"

ಸತ್ಯನಿಷ್ಠೆಗೆ ಹೆಸರಾದ ನಾನು ಬರೆದೆ: "ಇಲ್ಲ. ಇದು ಸಂಪೂರ್ಣ ಉಚಿತ." ಅಡಿಗೆರೆಯನ್ನೂ ಎಳೆದೆ. ಎರಡು!

ಗುರುವಾರ ಫಾರಂ ವಾಪಸ್ ಬಂತು. ತಿರಸ್ಕೃತ.

"ಕಾಸ್ ಕೊಡ್ದೆ ತಂದಿದ್ದು ಅಂತ ಯಾಕ್ಲಾ ಬರೀಬೇಕಿತ್ತು?" ಎಂದರು ಅತ್ತಿಗೆ. "ಏಳೂ ಮನೆ ಎಂಗಸ್ರು ಆಗ್ಲೇ ಅಂಗ್ಡಿಗೆ ಬಣ್ಣ ಯಾವ್ದು ಅಂತ ಜಗಳ ಆಡ್ತಾವ್ರೆ!"

"ಸುಳ್ಳು ಬರೀಬೇಕಿತ್ತಾ ಅತ್ಗೆ?"

"ಬಾಯ್ ಮುಚ್ಕೊಂಡಿದ್ರೆ ಸಾಕಿತ್ತು," ಎಂದಳು ನನ್ನ ಹೆಂಡತಿ ರತ್ನ.

ಗಾಬರಿಯಾಗದೆ ಸಾಫ್ಟ್‌ವೇರಿನ ಲೈಸೆನ್ಸ್ ತೆಗೆದು ಓದಿದೆ; ವ್ಯಾಪಾರಕ್ಕೂ ಬಳಸಬಹುದು ಎಂದಿತ್ತು. 'ಇಲ್ಲ' ಎಂಬುದನ್ನು ಹೊಡೆದುಹಾಕಿ 'ಇದೆ' ಎಂದು ಬರೆದೆ. ತಿದ್ದಿದ ಕಡೆ ಏಳು ಮಂದಿಯೂ ಸಹಿ ಹಾಕಬೇಕು ಎಂಬ ಸೂಚನೆ ಕಣ್ಣಿಗೆ ಬಿದ್ದದ್ದು ಆಮೇಲೆ. ಆರು ಸಹಿ ಬೇಗ ಸಿಕ್ಕವು. ಏಳನೆಯವಳು ಕುರಿ-ಮೇಕೆ ಹೊಡೆದುಕೊಂಡು ಗುಡ್ಡದಾಚೆ ಹೋಗಿದ್ದಳು. ಮೊಪೆಡ್ ಅರ್ಧ ದಾರಿಯಲ್ಲಿ ನಿಂತಿತು. ನಡೆದೇ ಹೋಗಿ ಸಹಿ ಹಾಕಿಸಿದೆ. ಅಷ್ಟರಲ್ಲಿ ಅವಳ ಮೇಕೆಯೊಂದು ಫಾರಮಿನ ಒಂದು ಮೂಲೆಯನ್ನು ಪರಿಶೀಲಿಸಿತ್ತು!

ಶುಕ್ರವಾರ ಸೇಲಂ ಬಸ್ಸಿನಲ್ಲಿ ಲೈಸೆನ್ಸಿನ ಇಂಗ್ಲಿಷ್ ಪ್ರತಿಯನ್ನು ಅತ್ತಿಗೆಗೆ ಕನ್ನಡದಲ್ಲಿ ವಿವರಿಸಿದೆ. ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ ಬಳಸಬಹುದು. ಬದಲಾಯಿಸಿ ಬೇರೆಯವರಿಗೆ ಕೊಟ್ಟರೆ ಅವರಿಗೂ ಅದೇ ಸ್ವಾತಂತ್ರ್ಯ ಕೊಡಬೇಕು. ಅತ್ತಿಗೆ ಕಣ್ಣು ಮುಚ್ಚಿ ಎಲೆ ಅಡಿಕೆ ಅಗಿಯುತ್ತಿದ್ದರು. ನಿದ್ದೆ ಎಂದುಕೊಂಡೆ.

ಕಚೇರಿಯಲ್ಲಿ ಅಧಿಕಾರಿ ಮೇಡಂ ಫಾರಂ ನೋಡಿದರು. ಮೇಕೆ ತಿಂದ ಮೂಲೆಯನ್ನೂ ನೋಡಿದರು. ತಮಿಳು ಬೆರೆಸಿದ ಕನ್ನಡದಲ್ಲಿ ಹೇಳಿದರು: "ಇದು ಚೆಲ್ಲಾದು ಸಾರ್, ನಡೆಯಲ್ಲ. ನೇತ್ತು ಇಲ್ಲ ಅಂತೀರ, ಇವತ್ತು ಇದೆ ಅಂತೀರ. ಫ್ರೀಯಾಗಿ ಸಿಗೋದು ಹೇಗೆ ಕಮರ್ಷಿಯಲ್?"

ನಾನು ಲೈಸೆನ್ಸ್ ತೆರೆದು ಗಂಭೀರವಾಗಿ ಓದತೊಡಗಿದೆ. ಬೆರಳು ಬಿದ್ದದ್ದು ಸರಿಯಾಗಿ ಬೇಡದ ಕಡೆ: "ಇದಕ್ಕೆ ಯಾವುದೇ ವಾರಂಟಿ ಇರುವುದಿಲ್ಲ!"

ಗಡಿಯಾರದಲ್ಲಿ ನಾಲ್ಕೂವರೆ.

"ಬಿಡ್ಲಾ ಆ ಕಾಗ್ದ," ಎಂದು ಅತ್ತಿಗೆ ಮುಂದೆ ಬಂದರು. "ಅಮ್ಮಾ, ನಮ್ಮೂರಾಗೆ ದೇವ್ರಿಗೆ ಬಿಟ್ಟ ಬಸವ ಐತೆ. ಯಾರ ಅಸೂನಾದ್ರೂ ಸರಿ, ಅದ್ರತ್ರ ಬಿಡಾಕೆ ಕಾಸ್ ಕೊಡಂಗಿಲ್ಲ. ಉಟ್ಟಿದ ಕರೂನ ಸಂತೇಲಿ ಮಾರ್ತೀವಿ. ಅದು ಯಾಪಾರ ಅಲ್ವಾ?"

ಮೇಡಂ ತಲೆ ಎತ್ತಿದರು. ಅವರ ಬಾಯಿಂದ ತಟ್ಟನೆ ನಮ್ಮದೇ ಮಾತು ಬಂತು: "ಯಾಪಾರಾನೇ ಅಕ್ಕ. ನಮ್ದೂ ತೊಪ್ಪೂರ್ ಕಡೆ. ನಮ್ಮಲ್ಲೂ ಬಸವ ಐತೆ."

"ಆ ಬಸವನ್ನ ಮಾತ್ರ ಯಾರೂ ತಮ್ಮ ಕೊಟ್ಟಿಗೇಲಿ ಕಟ್ಟಾಕಂಗಿಲ್ಲ. ಅದೇ ಕಟ್ಟಳೆ. ಈ ಸಾಫ್ಟ್‌ವೇರೂ ಅಂಗೇಯ."

ಮೇಡಂ ನಕ್ಕು ಫಾರಂ ತಿರುಗಿಸಿದರು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇತ್ತು: ಸಾರ್ವಜನಿಕರಿಗೆ ಲೈಸೆನ್ಸ್ ಮೂಲಕ ಸಿಗುವ, ವ್ಯಾಪಾರಕ್ಕೆ ಬಳಸಬಹುದಾದ ಎಲ್ಲ ಸಾಫ್ಟ್‌ವೇರ್ ವಾಣಿಜ್ಯವೇ, ಬೆಲೆ ಮುಖ್ಯವಲ್ಲ.

"ಸಾರ್, ಇದನ್ನ ನೀವು ತಿರುಗಿಸಿ ನೋಡ್ಲಿಲ್ವಾ?"

'ಹಾಳೆ ತಿರುಗಿಸಿ ನೋಡು!' ಎಂದು ಕಿರಿಯ ವರದಿಗಾರರನ್ನು ಇಪ್ಪತ್ತೆಂಟು ವರ್ಷ ಗದರಿಸಿದವನು ನಾನು. ಫ್ಯಾನ್ ನೋಡುತ್ತ ನಿಂತೆ.

"ಸರಿ, ವಾರಂಟಿ ಇಲ್ವಲ್ಲ. ಕೆಟ್ರೆ ಯಾರು ಹೊಣೆ?"

"ಇವ್ನೇ," ಎಂದು ಅತ್ತಿಗೆ ನನ್ನನ್ನು ಮುಂದಕ್ಕೆ ನೂಕಿದರು. ಸಹಿ ಹಾಕಿದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಮೊಹರು ಬಿತ್ತು!

ಅಂಗಡಿ ಈಗ ಜೋರಾಗಿ ನಡೆಯುತ್ತಿದೆ. ಬಣ್ಣ ಹಳದಿ. ಮುಕ್ತ ತಂತ್ರಾಂಶದ ವಾಣಿಜ್ಯ ಸ್ವರೂಪವನ್ನು ಸರ್ಕಾರದ ಮುಂದೆ ಸಾಬೀತುಪಡಿಸಿದವರಲ್ಲಿ ನಾನೂ ಒಬ್ಬ ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ. ಅಷ್ಟರಲ್ಲಿ ಫೋನ್ ಬರುತ್ತದೆ: "ಪ್ರಿಂಟರ್ ನಿಂತೋಗೈತೆ, ಬಾರ್ಲಾ." ಘಾಟಿ ಬಸ್ಸು ಹತ್ತುತ್ತೇನೆ.

ಮೊನ್ನೆ ಹೊರಡುವಾಗ ರತ್ನಳಿಗೆ ಹೇಳಿದೆ: "ಎಲ್ಲರಿಗೂ ಬಿಟ್ಟಿ ದುಡಿಯೋನು. ನಾನೇ ಈಗ ದೇವರ ಬಸವ ಆಗ್ಬಿಟ್ಟೆ ನೋಡು."

ಅವಳು ತಲೆಯನ್ನೂ ಎತ್ತಲಿಲ್ಲ. "ಬಸವಂಗೆ ಜನ ಕೈ ಮುಗೀತಾರೆ."