ಮೈದುನನ ಆಳುಗಳನ್ನು ನೋಡಲು ಬಂದವರು

ನನ್ನ ಮೈದುನನಿಗೆ ಇಷ್ಟು ದಿನ ಮದುವೆಯಾಗದೆ ಉಳಿದದ್ದಕ್ಕೆ ಕುಜದೋಷವೇ ಕಾರಣ ಎಂದು ನಮ್ಮತ್ತೆ ನಂಬಿದ್ದಾರೆ. ಸುಳ್ಳು! ಕಾರಣ ಅವನ ಕಂಪ್ಯೂಟರು. ಕುಜನಿಗಾದರೆ ಶಾಂತಿ ಮಾಡಿಸಬಹುದು. ಕಂಪ್ಯೂಟರಿಗೆ ಯಾವ ದೇವರ ಹತ್ತಿರ ಹರಕೆ ಹೊರೋಣ?

ಮೊನ್ನೆ ಅವರೆಕಾಳು ಹಿತುಕುತ್ತಾ ಕೂತಿದ್ದಾಗ ಫೋನು ಬಂತು. ಮಳವಳ್ಳಿ ಕಡೆಯ ಹುಡುಗಿಯ ಸೋದರಮಾವ ಮದ್ದೂರಿಗೆ ಏನೋ ಕೆಲಸಕ್ಕೆ ಬಂದವರು, ಹಾಗೇ ನಮ್ಮ ಗುತ್ತಲಿಗೂ ಬಂದು ಗಂಡಿನ ಮನೆ ನೋಡಿಬಿಡುತ್ತೇನೆಂದು ಬಸ್ಸು ಹತ್ತಿದ್ದರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿಯಾಗಿತ್ತು. ಮನೆ ನೋಡುವುದೊಂದು ಬಾಕಿ. ಇದೂ ತಪ್ಪಿದರೆ ಇನ್ನು ನನ್ನನ್ನು ಕೇಳಬೇಡಿ ಎಂದು ಬ್ರೋಕರು ಕೈ ಮುಗಿದಿದ್ದ. ಸದ್ಯ, ಬರುವವರು ಒಬ್ಬರೇ, ಗ್ಯಾಸೂ ಮುಗಿದಿರಲಿಲ್ಲ. ತಾಯಿ ದಯೆ.

ನಮ್ಮ ಕಡೆ ಮನೆ ನೋಡುವುದೆಂದರೆ ಕೊಟ್ಟಿಗೆ, ಹಸು, ಪಂಪುಸೆಟ್ಟು, ಗದ್ದೆಯ ಬದು ಎಲ್ಲಾ ನೋಡುವುದು. ನಮ್ಮಲ್ಲಿ ತೋರಿಸಲು ಏನಿದೆ? ಒಂದು ತುಳಸಿಕಟ್ಟೆ, ಒಂದು ಸಂಪು, ಮಹಡಿಯ ಮೇಲೊಬ್ಬ ಮೈದುನ.

ಅವನ ಕೆಲಸ ನನಗೆ ತಿಳಿದಷ್ಟು ಹೇಳುತ್ತೇನೆ. ಎಲ್ಲೋ ದೂರದಲ್ಲಿ ಒಂದು ಹಿಂಡು ಕಂಪ್ಯೂಟರುಗಳಿವೆಯಂತೆ. ಅವುಗಳೊಳಗೆ ಒಂದೊಂದು ಕೆಲಸವನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಲು ಬಿಟ್ಟಿರುತ್ತಾರಂತೆ, ಒಂದು ಕೆಟ್ಟರೆ ಪಕ್ಕದ್ದಕ್ಕೆ ತಗಲಬಾರದು ಎಂದು. ಇವನು ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತಿದರೆ, ಈಗ ಯಾವ್ಯಾವುದು ಓಡುತ್ತಿದೆ, ಯಾವುದು ನಿಂತಿದೆ ಎಂಬ ಪಟ್ಟಿ ದಬದಬ ಉದುರುತ್ತದೆ. ಮೌಸು ಮುಟ್ಟುವುದು ಅವನಿಗೆ ಮೈಲಿಗೆ! ಹಲ್ಲುಜ್ಜುವ ಮುಂಚೆ ಪಟ್ಟಿ, ಎಲೆಯ ಮುಂದೆ ಕೂತಾಗಲೂ ಪಟ್ಟಿ. ಒಂದು ದಿನ ಅಡುಗೆಮನೆಗೇ ಬಂದು, ಇಲ್ಲಿ ಏನೇನು ಓಡುತ್ತಿದೆ ಅತ್ತಿಗೆ ಎಂದು ಕೇಳಿದ. ಕುಕ್ಕರು, ಮಿಕ್ಸಿ, ನಾನು ಎಂದೆ. ಅಮ್ಮ? ಎಂದ. ಕರೆಂಟು ಇರುವ ತನಕ ಧಾರಾವಾಹಿಯ ಮುಂದೆ ಓಡುತ್ತಿರುತ್ತಾರೆ ಎಂದೆ.

ಹಿಂದೊಮ್ಮೆ ಹೊಳಲಿನಲ್ಲಿ ಬೇರೊಂದು ಹೆಣ್ಣು ನೋಡಲು ಹೋದಾಗಲೂ ಲ್ಯಾಪ್‌ಟಾಪು ತೊಡೆಯ ಮೇಲೇ ಇತ್ತು. ಹುಡುಗಿ ಕಾಫಿ ತಂದಿಟ್ಟಾಗ ಈ ಪುಣ್ಯಾತ್ಮ ತಲೆಯೆತ್ತದೆ, "ಸತ್ತೋಯ್ತು" ಅಂದ. ಸತ್ತದ್ದು ಎಲ್ಲಿಯದೋ ಕಂಪ್ಯೂಟರಿನ ಕೆಲಸ ಎಂದು ಹೆಣ್ಣಿನ ಕಡೆಯವರಿಗೆ ಹೇಗೆ ಗೊತ್ತಾಗಬೇಕು? ಶುಭಕಾರ್ಯದ ಮನೆಯಲ್ಲಿ ಎಂಥ ಮಾತು! ನಾವು ಕಾಫಿ ಆರುವ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿದ್ದೆವು.

ಸೋದರಮಾವ ಬಂದರು. ಕಬ್ಬು ಬೆಳೆಯುವವರು, ನೇರ ಮಾತು. ನಮ್ಮೆಜಮಾನರು ಡ್ಯೂಟಿಗೆ ಹೋಗಿದ್ದರಿಂದ ಅತ್ತೆಯೇ ಎದುರು ಕೂತರು. ಹುಡುಗನ ಕೈಕೆಳಗೆ ಎಷ್ಟು ಆಳುಗಳು ಎಂದು ಅವರು ವಿಚಾರಿಸಿದ್ದೇ ತಡ, ಮೈದುನ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿ ಎಂಟರ್ ಒತ್ತಿದ. ಅವರು ಕನ್ನಡಕ ಹಾಕಿಕೊಂಡು ಸಾಲುಗಳ ಮೇಲೆ ಬೆರಳಾಡಿಸಿದರು.

"ಇಷ್ಟು ಜನಕ್ಕೂ ನೀನೇ ಮೇಸ್ತ್ರೀನಾ?"

"ಒಂಥರಾ ಹಾಗೇ ಸಾರ್."

"ಇವ್ನ್ಯಾಕಪ್ಪ ಸುಮ್ಕೆ ಕುಂತವ್ನೆ?"

"ಅದಕ್ಕೆ ಜಾಗ ಸಿಕ್ಕಿಲ್ಲ. ಕಾಯ್ತಾ ಇದೆ."

"ಈ ಕೆಳಗ್ಲೋನು?"

"ಅದು ಬೆಳಗ್ಗೆಯಿಂದ ಬಿದ್ದು ಬಿದ್ದು ಏಳ್ತಿದೆ ಸಾರ್."

"ಕುಡೀತಾನಾ?"

ನಾನು ಸೆರಗು ಬಾಯಿಗೆ ತುರುಕಿಕೊಂಡು ಬಾಗಿಲ ಹಿಂದೆ ಸರಿದೆ.

ಅವರು ಬಿಡಲಿಲ್ಲ. "ಅಂಥೋನ್ನ ಯಾಕಪ್ಪ ಮಡೀಕಂಡಿದ್ದೀ? ನಮ್ಮ ಗದ್ದೇಲಾಗಿದ್ರೆ ಅವತ್ತೇ ಕಳಿಸ್ಬುಡ್ತಿದ್ದೆ."

"ಅದರ ತಪ್ಪಲ್ಲ ಸಾರ್. ಯಾಕೆ ಬೀಳುತ್ತೆ ಅಂತ ನನಗೇ ಇನ್ನೂ ಗೊತ್ತಾಗಿಲ್ಲ. ಗೊತ್ತಾಗೋವರೆಗೂ ಪಕ್ಕದಲ್ಲೇ ಇರಬೇಕು."

ಸೋದರಮಾವ ಕನ್ನಡಕ ತೆಗೆದರು. ನಾನಿಟ್ಟ ಕಾಫಿ ಮುಟ್ಟಿರಲಿಲ್ಲ. ಇದೂ ಹೋಯಿತು ಎಂದುಕೊಂಡು ನಾನು ಮನಸ್ಸಿನಲ್ಲೇ ಅಮ್ಮನವರನ್ನು ನೆನೆದೆ. ಸೋದರಮಾವ ಅತ್ತೆಯ ಕಡೆ ತಿರುಗಿದರು. ದನಿ ಇಳಿದಿತ್ತು.

"ಒಂದ್ ಮಾತದೆ ಕಣವ್ವ. ನಮ್ಮ ಉಡ್ಗೀಗೆ ಒಂದೊಂದ್ ಸಲ ಫಿಟ್ಸ್ ಬತ್ತದೆ. ಮಾತ್ರೆ ತಗೋತಾವ್ಳೆ. ಮುಚ್ಚಿಟ್ಟು ಮಾಡೋದಾದ್ರೆ ನಂಗೆ ಮದ್ವೇನೇ ಬ್ಯಾಡ, ಯೋಳ್ಬುಟ್ಟು ಬಾ ಮಾವ ಅಂತ ಅವ್ಳೇ ಕಳ್ಸವ್ಳೆ. ಇದ್ವರ್ಗೂ ಕೇಳ್ದೋರೆಲ್ಲ ಎದ್ದೋದ್ರು."

ಅತ್ತೆ ನನ್ನ ಮುಖ ನೋಡಿದರು. ನಾನು ದೇವರ ಮುಂದಿನ ದೀಪ ನೋಡಿದೆ.

ಆಗ ಮೈದುನ, ನಾನು ಈ ಮನೆಗೆ ಬಂದಾಗಿನಿಂದ ಕಾಣದ ಕೆಲಸವೊಂದನ್ನು ಮಾಡಿದ. ಲ್ಯಾಪ್‌ಟಾಪು ಮುಚ್ಚಿದ. ಅದರೊಳಗೆ ಬಿದ್ದದ್ದು ಎದ್ದಿತ್ತೋ ಇಲ್ಲವೋ, ನೋಡಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

"ಬಂದಾಗ ಹತ್ತಿರ ಇರೋರು ಏನು ಮಾಡಬೇಕು ಮಾವ? ನನಗೆ ಹೇಳಿಕೊಡಿ."

ಅಲ್ಲಿಯವರೆಗೆ ಸಾರ್ ಅನ್ನುತ್ತಿದ್ದವನು!

ಅವರು ನಿಧಾನವಾಗಿ ಹೇಳಿಕೊಟ್ಟರು. ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಕೈಗೆ ಬೀಗದಕೈ ಕೊಡುವುದೆಲ್ಲ ಬೇಡವೆಂದು ಡಾಕ್ಟರು ಹೇಳಿದ್ದಾರೆ. ಇವನು ಪಾಠ ಒಪ್ಪಿಸುವ ಹಾಗೆ ಒಂದೊಂದನ್ನೂ ಮತ್ತೆ ಹೇಳಿ, ಸರಿಯಾ ಎಂದು ಕೇಳಿಕೊಂಡ.

ಅತ್ತೆ ಎದ್ದು ಆರಿದ ಕಾಫಿ ಲೋಟ ಎತ್ತಿಕೊಂಡರು. ಆಮೇಲೆ, "ಊಟ ಮಾಡ್ಕಂಡೇ ಓಗಿ ಬೀಗ್ರೇ" ಅಂದರು.

ಮಾತು ನಿಶ್ಚಯವಾಗದೆ ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ. ಸೋದರಮಾವ ಕನ್ನಡಕ ಜೇಬಿಗೆ ಹಾಕಿಕೊಂಡರು. ಮತ್ತೆ ಎದ್ದು, ಕೈಕಾಲು ತೊಳೆಯಲು ನೀರು ಎಲ್ಲಿದೆ ಎಂದು ನನ್ನನ್ನು ಕೇಳಿದರು.

ನಲ್ಲಿ ತೋರಿಸಿ ಒಳಗೆ ಬಂದು ಮುದ್ದೆಗೆ ಎಸರಿಟ್ಟೆ.